40 ಕ್ರೋಮೋಸೋಮ್‌ನ ಎರಡು ಇಲಿಗಳು: ಗೋವಾದ ಒಂದು ಅಡಿಕೆ ತೋಟದ ಪ್ರಕರಣ

ಗೋವಾದಲ್ಲಿ ನಡೆದ ಒಂದು ಸಣ್ಣ ಸಂಶೋಧನೆಯಲ್ಲಿ ಏನು ತಪ್ಪಿತು, ಅದು ಹೇಗೆ ಸರಿಹೋಯಿತು ಅಂತ ಇಲ್ಲಿ ಬರೆಯುತ್ತಿದ್ದೇನೆ. ಸಂಶೋಧನೆ ಮಾಡಿದ ಹುಡುಗಿ ಉತ್ತರ ಕರ್ನಾಟಕದವಳು. ಅವಳ ಗೈಡ್ ಕೂಡ ಕನ್ನಡದವರೇ, ಬಹಳ ವರ್ಷಗಳ ಹಿಂದೆ ಗೋವಾಕ್ಕೆ ಬಂದು ನೆಲೆಸಿದವರು. ಕ್ರೋಮೋಸೋಮ್ ಸ್ಲೈಡ್ ನೋಡುವ ಕೆಲಸಕ್ಕೆ ಮಾತ್ರ ನಾನು ಜೊತೆಯಾದೆ. ಕಾಲೇಜು, ಊರು, ತೋಟ, ವರ್ಷ ಯಾವುದನ್ನೂ ಬರೆದಿಲ್ಲ. ಬರೆಯಲು ಇಬ್ಬರೂ ಒಪ್ಪಿದ್ದಾರೆ. ನಿಜ ಹೇಳಬೇಕೆಂದರೆ ಮೊದಲು ಕೇಳಿದವಳೇ ಅವಳು. "ಬೇರೆಯವರಿಗೆ ಹೀಗಾಗೋದು ಬೇಡ ಸರ್, ನೀವು ಬರೀರಿ" ಅಂದಳು.

ಹಿನ್ನೆಲೆ

ಇಲಿಯಲ್ಲಿ ಓದುವುದಕ್ಕೆ ಏನಿದೆ ಅಂತ ಎಲ್ಲರೂ ಕೇಳುತ್ತಾರೆ. ಇಲಿ, ಅಳಿಲು, ಹೆಗ್ಗಣ, ಮುಳ್ಳುಹಂದಿ ಸೇರಿದ ದಂಶಕಗಳ ಬಳಗವೇ ಸಸ್ತನಿಗಳಲ್ಲಿ ಎಲ್ಲಕ್ಕಿಂತ ದೊಡ್ಡದು. ಜಗತ್ತಿನ ಸಸ್ತನಿ ಜಾತಿಗಳಲ್ಲಿ ನೂರಕ್ಕೆ ಸುಮಾರು 40 ಇವೇ. ಬಿಸಿಲು, ಮಳೆ ಎರಡೂ ಜಾಸ್ತಿ ಇರುವ ಕಾಡುಗಳಲ್ಲಿ ಇವುಗಳ ವೈವಿಧ್ಯ ಕಣ್ಣಿಗೆ ಸುಲಭವಾಗಿ ಕಾಣುವುದಿಲ್ಲ. ಬಣ್ಣ ಒಂದೇ, ಗಾತ್ರ ಒಂದೇ, ಬಾಲವೂ ಒಂದೇ ಥರ. ಒಳಗಿನ ಕ್ರೋಮೋಸೋಮ್ ಎಣಿಸಿದರೆ ಲೆಕ್ಕವೇ ಬೇರೆ.

ಕ್ರೋಮೋಸೋಮ್ ಅಂದರೆ ನಮ್ಮ ಶಾಲೆಯ ಪುಸ್ತಕದ ವರ್ಣತಂತು. ಮನುಷ್ಯನಲ್ಲಿ 46, ಮನೆಯ ಚಿಕ್ಕ ಇಲಿಯಲ್ಲಿ 40. ನಮ್ಮ ಪಶ್ಚಿಮ ಭಾರತದ ಕುರುಚಲು ಬಯಲಿನಲ್ಲಿ ಮೈಮೇಲೆ ಮುಳ್ಳಿನಂಥ ಕೂದಲಿರುವ ಒಂದು ಪುಟ್ಟ ಇಲಿ ಇದೆ, ಮಸ್ ಪ್ಲಾಟಿಥ್ರಿಕ್ಸ್. ಅದರಲ್ಲಿ 26. ಬ್ರೆಜಿಲ್‌ನ ಕರಾವಳಿ ಕಾಡಿನ ಅಕೊಡಾನ್ ಕರ್ಸರ್ ಎಂಬ ಒಂದೇ ಜಾತಿಯೊಳಗೆ 14, 15, 16 ಮೂರೂ ಸಿಗುತ್ತವೆ. ಆಫ್ರಿಕಾದ ಮಾಸ್ಟೊಮಿಸ್ ಇಲಿಗಳನ್ನು ಪಕ್ಕಪಕ್ಕ ಇಟ್ಟರೆ ಯಾವುದು ಯಾವುದೆಂದು ಹೇಳುವುದು ಕಷ್ಟ. ಒಂದರಲ್ಲಿ 32, ಇನ್ನೊಂದರಲ್ಲಿ 36, ಮತ್ತೊಂದರಲ್ಲಿ 38. ಲಾಸ್ಸಾ ಜ್ವರದ ವೈರಸ್ ಹೊತ್ತು ತಿರುಗುವ ಮುಖ್ಯ ಇಲಿ ಇವುಗಳಲ್ಲಿ 32 ಇರುವ ಮಾಸ್ಟೊಮಿಸ್ ನಟಾಲೆನ್ಸಿಸ್. ಯಾವ ಇಲಿ ಅಂತ ಗುರುತು ತಪ್ಪಿದರೆ ರೋಗದ ಲೆಕ್ಕವೂ ತಪ್ಪುತ್ತದೆ.

ಗೋವಾದ ಕೆಲಸವೂ ಶುರುವಾಗಿದ್ದು ರೋಗದ ಚಿಂತೆಯಿಂದಲೇ. ಮಂಗನ ಕಾಯಿಲೆ ನಮಗೆ ಹೊಸದಲ್ಲ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯತೊಡಗಿದಾಗ ಕಾರಣ ಹುಡುಕಿದ್ದು ಪುಣೆಯ ವೈರಸ್ ಸಂಶೋಧನಾ ಕೇಂದ್ರ. ಮಂಗ ಸಾಯುವುದು ಕಣ್ಣಿಗೆ ಕಾಣುತ್ತದೆ. ಆದರೆ ರೋಗ ಹಬ್ಬಿಸುವ ಉಣ್ಣೆಯ ಮರಿಗಳು ರಕ್ತ ಹೀರುವುದು ಕಾಡಿನ ಇಲಿ, ಸೊಂಡಿಲಿಗಳ ಮೈಮೇಲೆ. 2015ರಲ್ಲಿ ಈ ಕಾಯಿಲೆ ಗೋವಾದ ಸತ್ತರಿ ತಾಲೂಕಿನಲ್ಲೂ ಕಾಣಿಸಿಕೊಂಡಿತು. ಗೇರು ತೋಪಿಗೆ ಹೋಗುವವರಿಗೆ ಜ್ವರ ಬಂತು. ಆಮೇಲೆ ಇಲ್ಲಿನ ಕಾಡಂಚಿನ ಇಲಿಗಳು ಯಾವುವು ಅಂತ ಸರಿಯಾಗಿ ತಿಳಿಯಬೇಕು ಎಂಬ ಆಸೆ ಕೆಲವರಲ್ಲಿ ಹುಟ್ಟಿತು. ನಮ್ಮ ಹುಡುಗಿ ಅವರಲ್ಲಿ ಒಬ್ಬಳು.

ಅವಳು ಆರಿಸಿಕೊಂಡಿದ್ದು ಕಪ್ಪು ಇಲಿಯ ಗುಂಪನ್ನು, ರ‍್ಯಾಟಸ್ ರ‍್ಯಾಟಸ್. ನಮ್ಮ ಅಟ್ಟದ ಮೇಲೆ ಓಡಾಡುವುದು ಇದೇ. ಇದರ ಒಳಗೆ ಮೂರು ಲೆಕ್ಕಗಳಿವೆ ಅಂತ ಜಪಾನಿನ ಯೊಸಿದಾ ಮತ್ತು ಅವರ ಜೊತೆಯವರು ತೋರಿಸಿದ್ದರು. ಏಷ್ಯಾದ ಪೂರ್ವ ಭಾಗದಲ್ಲಿ 42, ಶ್ರೀಲಂಕಾದಲ್ಲಿ 40, ಯುರೋಪು ಮತ್ತು ಜಗತ್ತಿನ ಬಂದರುಗಳಲ್ಲಿ 38. ಈ 38ರ ಇಲಿಯ ಮೂಲ ಭಾರತವೇ. ಇಲ್ಲಿಂದ ಮನುಷ್ಯನ ಬೆನ್ನು ಹತ್ತಿ ಅದು ಜಗತ್ತೆಲ್ಲ ಸುತ್ತಿತು. ಲಖೋಟಿಯಾ, ರಾವ್, ಝನ್ವರ್ 1973ರಲ್ಲಿ ಇನ್ನೊಂದು ವಿಷಯ ಬರೆದರು. ನೈಋತ್ಯ ಭಾರತದಲ್ಲಿ 38ರ ಇಲಿ, 42ರ ಇಲಿ ಎರಡೂ ಒಟ್ಟಿಗೇ ಬದುಕುತ್ತಿವೆ. ಅಂದರೆ ನಮ್ಮ ಸಹ್ಯಾದ್ರಿಯ ಈ ಕಡೆಯಲ್ಲೇ.

ಲೆಕ್ಕ ಬದಲಾಗುವುದು ಹೇಗೆ? ಎರಡು ಕಡ್ಡಿಗಳ ತುದಿ ಕೂಡಿಸಿ ಒಂದು ಮಾಡಿದ ಹಾಗೆ. ಒಂಟಿ ತೋಳಿನ ಎರಡು ಕ್ರೋಮೋಸೋಮ್ ಬುಡದಲ್ಲಿ ಅಂಟಿಕೊಂಡರೆ ಎರಡು ತೋಳಿನ ಒಂದು ದೊಡ್ಡ ಕ್ರೋಮೋಸೋಮ್ ಆಗುತ್ತದೆ. ಒಳಗಿನ ಜೀನ್‌ಗಳು ಹೆಚ್ಚುಕಡಿಮೆ ಅವೇ, ಎಣಿಕೆ ಮಾತ್ರ ಕಡಿಮೆ. 42ರಲ್ಲಿ ಇಂಥ ಒಂದು ಕೂಡಿಕೆ ಜೋಡಿಯಾಗಿ ಆದರೆ 40, ಎರಡಾದರೆ 38. ಹಾಗಾಗಿ 38ರ ಇಲಿಯಲ್ಲಿ ನಾಲ್ಕು ದೊಡ್ಡ ಎರಡು-ತೋಳಿನ ಕ್ರೋಮೋಸೋಮ್ ಎದ್ದು ಕಾಣುತ್ತವೆ. 42ರಲ್ಲಿ ಅವು ಇರುವುದೇ ಇಲ್ಲ. ಮುಂದೆ ಈ ಮಾತು ಮತ್ತೆ ಬರುತ್ತದೆ.

ತೋಟ ಮತ್ತು ಅಕ್ಕ

ಜಾಗ ಒಂದು ಅಡಿಕೆ ತೋಟ. ಗೋವಾದಲ್ಲಿ ಕುಳಾಗರ್ ಅನ್ನುತ್ತಾರೆ. ಅಡಿಕೆ, ತೆಂಗು, ಬಾಳೆ, ಮೆಣಸಿನ ಬಳ್ಳಿ, ನಡುವೆ ಹರಿಯುವ ನೀರು. ಒಂದು ಪಕ್ಕ ಕೂಲಿಯವರ ಮನೆಗಳ ಸಾಲು, ಇನ್ನೊಂದು ಪಕ್ಕ ಕಾಡು. ಕೂಲಿಯವರಲ್ಲಿ ಬಹಳ ಜನ ವಿಜಯಪುರ, ಬಾಗಲಕೋಟೆ ಕಡೆಯವರು. ಮಾಲೀಕರ ಜೊತೆ ಕೊಂಕಣಿ, ಮನೆಯೊಳಗೆ ಕನ್ನಡ.

ಅಲ್ಲಿ ಒಬ್ಬ ಅಕ್ಕ ಇದ್ದರು. ತೋಟಕ್ಕೆ ಬಂದು ಇಪ್ಪತ್ತು ವರ್ಷ ಆಗಿದೆಯಂತೆ. ಬೋನಿಗೆ ಏನು ಇಡಬೇಕು ಅಂತ ಹೇಳಿದ್ದು ಅವರೇ. ಹುಡುಗಿ ಶೇಂಗಾ ಉಂಡೆ ಇಡುತ್ತಿದ್ದಳು, ಅದಕ್ಕೆ ಇರುವೆ ಮುತ್ತುತ್ತಿತ್ತು. ಅಕ್ಕ ಸುಟ್ಟ ಕೊಬ್ಬರಿ ಚೂರು ಇಡಿಸಿದರು. ಮೊದಲ ಬೆಳಿಗ್ಗೆ ಬೋನಿನೊಳಗಿನ ಇಲಿ ನೋಡಿ, "ಇದು ಅಟ್ಟದ್ದಲ್ಲವ್ವ, ತ್ವಾಟದ್ದು. ಹೊಟ್ಟಿ ನೋಡು, ಕಿವಿ ನೋಡು" ಅಂದರಂತೆ. ಹುಡುಗಿಗೆ ವ್ಯತ್ಯಾಸ ಕಾಣಲಿಲ್ಲ. ಆದರೂ ಒಂದು ಒಳ್ಳೆಯ ಕೆಲಸ ಮಾಡಿದಳು. ಅಕ್ಕ ಹೇಳಿದ್ದನ್ನು ಪ್ರತಿ ಸಲವೂ ನೋಟ್‌ಬುಕ್‌ನ ಅಂಚಿನಲ್ಲಿ ಪೆನ್ಸಿಲ್‌ನಲ್ಲಿ ಬರೆದಿಟ್ಟಳು: "ಅಕ್ಕ: ಅಟ್ಟ", "ಅಕ್ಕ: ತೋಟ". ಆಗ ಅದು ಯಾವ ಕಾಲಮ್‌ಗೂ ಸೇರದ ಮಾಹಿತಿ.

ಒಟ್ಟು ಸಿಕ್ಕಿದ್ದು 31 ಇಲಿ. ಮನೆಗಳಿಂದ 12, ತೋಟದಿಂದ 11, ಕಾಡಂಚಿನಿಂದ 8. ಅರಣ್ಯ ಇಲಾಖೆಯ ಅನುಮತಿ, ಪ್ರಾಣಿ ಪ್ರಯೋಗದ ನೈತಿಕ ಸಮಿತಿಯ ಒಪ್ಪಿಗೆ ಎರಡೂ ಇದ್ದವು. ಇಲಿಗೆ ಇಷ್ಟೆಲ್ಲ ಯಾಕೆ ಅಂತ ಕೇಳುವವರು ಇನ್ನೂ ಇದ್ದಾರೆ. 1972ರ ವನ್ಯಜೀವಿ ಕಾಯ್ದೆಯ ಐದನೇ ಪಟ್ಟಿಯಲ್ಲಿ ಇಲಿಗಳು ಉಪದ್ರವಿ ಪ್ರಾಣಿಗಳ ಸಾಲಿನಲ್ಲಿದ್ದವು. 2022ರ ತಿದ್ದುಪಡಿಯಲ್ಲಿ ಆ ಪಟ್ಟಿಯೇ ಹೋಯಿತು. ಪಟ್ಟಿ ಇರಲಿ ಬಿಡಲಿ, ಕಾಡಂಚಿನ ಎಲ್ಲ ಇಲಿಯನ್ನೂ ಅಟ್ಟದ ಇಲಿಯ ಲೆಕ್ಕಕ್ಕೆ ಸೇರಿಸುವುದು ನನಗೆ ಯಾವತ್ತೂ ಒಪ್ಪಿಗೆಯಾಗಿಲ್ಲ. ಪುಣೆಯ ಪಕ್ಕದ ಸಿಂಹಗಡದ ಮೇಲಿನ ಒಂದು ಇಲಿ ಬೇರೆಯೇ ಜಾತಿ ಅಂತ ವಿಜ್ಞಾನಕ್ಕೆ ಗೊತ್ತಾಗಿದ್ದು 1975ರಲ್ಲಿ. ಕೋಟೆಯ ಹಳೆಯ ಹೆಸರಿನ ಮೇಲೆ ಅದಕ್ಕೆ ಕೊಂಡಾಣಾ ಇಲಿ ಅಂತ ಹೆಸರು. ದಿನವೂ ಜನ ಹತ್ತಿ ಇಳಿಯುವ ಗುಡ್ಡ ಅದು, ಅಲ್ವಾ?

ಪ್ರತಿ ಇಲಿಯಿಂದ ಎರಡು ಮಾದರಿ ತೆಗೆಯುತ್ತಿದ್ದರು. ತೊಡೆಮೂಳೆಯ ಮಜ್ಜೆ ಕ್ರೋಮೋಸೋಮ್‌ಗೆ. ಬಾಲದ ತುದಿ ಡಿಎನ್‌ಎಗೆ, ಆಲ್ಕೋಹಾಲ್ ತುಂಬಿದ ಪುಟ್ಟ ಟ್ಯೂಬ್‌ನಲ್ಲಿ. ಮಜ್ಜೆ ತೆಗೆಯಬೇಕೆಂದರೆ ಇಲಿ ಸಾಯುತ್ತದೆ. ಕೋಶ ವಿಭಜನೆಯನ್ನು ನಡುವೆಯೇ ನಿಲ್ಲಿಸುವ ಕೊಲ್ಚಿಸಿನ್ ಎಂಬ ಔಷಧ ಕೊಟ್ಟು, ಒಂದಷ್ಟು ಹೊತ್ತು ಬಿಟ್ಟು, ನೋವಾಗದಂತೆ ಕೊಂದು, ಮಜ್ಜೆಯ ಜೀವಕೋಶಗಳನ್ನು ತೆಳು ಪೊಟ್ಯಾಸಿಯಂ ಕ್ಲೋರೈಡ್ ನೀರಿನಲ್ಲಿ 37 ಡಿಗ್ರಿಯಲ್ಲಿ ಉಬ್ಬಿಸಬೇಕು. ಆಮೇಲೆ ಮೂರು ಪಾಲು ಮೆಥನಾಲ್, ಒಂದು ಪಾಲು ಅಸಿಟಿಕ್ ಆಸಿಡ್ ಬೆರೆಸಿ ಕೋಶಗಳನ್ನು ಇದ್ದ ಹಾಗೇ ನಿಲ್ಲಿಸಬೇಕು. ಆ ದ್ರವವನ್ನು ತಣ್ಣನೆಯ ಸ್ಲೈಡ್ ಮೇಲೆ ಹನಿಸಿದರೆ ಕೋಶ ಒಡೆದು ಕ್ರೋಮೋಸೋಮ್‌ಗಳು ಹರಡಿಕೊಳ್ಳುತ್ತವೆ. ಗೀಮ್ಸಾ ಬಣ್ಣ ಹಾಕಿ ಸೂಕ್ಷ್ಮದರ್ಶಕದ ಕೆಳಗೆ ಇಟ್ಟರೆ ನೇರಳೆ ಬಣ್ಣದ ಕಡ್ಡಿಗಳು ಚೆಲ್ಲಿದ ಹಾಗೆ ಕಾಣುತ್ತವೆ. ಉಳಿದ ದ್ರವವನ್ನು ಫ್ರೀಜರ್‌ನಲ್ಲಿ ಎತ್ತಿಡುತ್ತೇವೆ. ಅದು ವರ್ಷಗಟ್ಟಲೆ ಇರುತ್ತದೆ. ಈ ಪ್ರಕರಣವನ್ನು ಕಾಪಾಡಿದ್ದು ಅದೇ.

ತೊಡಕು

31ರಲ್ಲಿ 26 ಇಲಿಗಳ ಸ್ಲೈಡ್ ಚೆನ್ನಾಗಿ ಬಂದವು. ಹುಡುಗಿ ಎಣಿಸಿ ಪಟ್ಟಿ ಮಾಡಿದಳು. 38 ಇದ್ದವು 14, 42 ಇದ್ದವು 10, 40 ಇದ್ದವು 2.

ಅದೇ ವಾರ ಡಿಎನ್‌ಎ ಫಲಿತಾಂಶವೂ ಬಂತು. ಸೈಟೊಕ್ರೋಮ್ ಬಿ ಎಂಬ ಜೀನ್ ಓದಿಸಿದ್ದರು. ಇದು ಮೈಟೊಕಾಂಡ್ರಿಯಾದ, ಅಂದರೆ ಕೋಶಕ್ಕೆ ಶಕ್ತಿ ಒದಗಿಸುವ ಪುಟ್ಟ ಭಾಗದ ಜೀನ್. ತಾಯಿಯಿಂದ ಮಾತ್ರ ಬರುತ್ತದೆ, ಉದ್ದ 1140 ಡಿಎನ್‌ಎ ಅಕ್ಷರ. ಇಲಿಗಳು ಸ್ಪಷ್ಟವಾಗಿ ಎರಡು ಗುಂಪಾದವು. ಒಂದು ಗುಂಪು ಜಗತ್ತೆಲ್ಲ ಇರುವ ಮನೆ ಇಲಿಯದು. ಇನ್ನೊಂದು ಅದರಿಂದ ದೂರ. ಇವನ್ನು ಮನೆ ಗುಂಪು, ಕಾಡು ಗುಂಪು ಅನ್ನೋಣ. 38ರ ಇಲಿಗಳು ಮನೆ ಗುಂಪಿನಲ್ಲಿ, 42ರವು ಕಾಡು ಗುಂಪಿನಲ್ಲಿ ಇರಬೇಕು ಅಂತ ನಿರೀಕ್ಷೆ. ಬಹಳಷ್ಟು ಹಾಗೇ ಇದ್ದವು. ಆದರೆ ತೋಟದ ಆರು ಇಲಿಗಳು ತಾಳೆಯಾಗಲಿಲ್ಲ. 38ರ ಮೂರು ಇಲಿಗಳಲ್ಲಿ ಕಾಡಿನ ಜೀನ್, 42ರ ಮೂರರಲ್ಲಿ ಮನೆಯ ಜೀನ್. ಅದರ ಮೇಲೆ ಎರಡು 40.

ಗೈಡ್ ನನಗೆ ಫೋನ್ ಮಾಡಿದಾಗ ಅವರ ದನಿಯಲ್ಲೇ ಸಂತೋಷ ಕೇಳುತ್ತಿತ್ತು. ಮನೆ ಇಲಿ, ಕಾಡು ಇಲಿ ಎರಡೂ ತೋಟದಲ್ಲಿ ಕೂಡುತ್ತಿವೆ, ಹುಟ್ಟಿದ ಮರಿಗಳಲ್ಲಿ 40 ಇದೆ, ತಾಯಿಯ ಜೀನ್ ಅತ್ತಿತ್ತ ದಾಟಿದೆ. ಕತೆ ಪೂರ್ತಿ ಕೂಡಿಬರುತ್ತಿತ್ತು. ಆಗ್ನೇಯ ಏಷ್ಯಾದ ಕಪ್ಪು ಇಲಿಗಳಲ್ಲಿ ಹೀಗೆ ಒಂದರ ಮೈಟೊಕಾಂಡ್ರಿಯಾ ಇನ್ನೊಂದಕ್ಕೆ ದಾಟಿದ್ದು ನಿಜವಾಗಿಯೂ ದಾಖಲಾಗಿದೆ. ಪುಣೆಯ ಒಂದು ಸಮ್ಮೇಳನಕ್ಕೆ ಸಾರಾಂಶ ಕಳಿಸಿಯೂ ಆಗಿತ್ತು. ಅವರ ಖುಷಿ ನನಗೆ ಅರ್ಥವಾಗುತ್ತಿತ್ತು. ನನಗೂ ಖುಷಿಯೇ ಆಗಿತ್ತು.

ಆದರೂ 40 ಎಂಬ ಸಂಖ್ಯೆ ನನ್ನನ್ನು ತಡೆಯಿತು. 38ರ ಇಲಿಯೂ 42ರ ಇಲಿಯೂ ಕೂಡಿ ಮರಿ ಹುಟ್ಟಿದರೆ ಅದರಲ್ಲಿ 40. ಶ್ರೀಲಂಕಾದ ಇಲಿಯಲ್ಲೂ 40. ಎರಡರಲ್ಲೂ ದೊಡ್ಡ ಎರಡು-ತೋಳಿನ ಕ್ರೋಮೋಸೋಮ್‌ಗಳು ಎರಡೇ. ಸುಮ್ನೆ ಎಣಿಸಿದರೆ ವ್ಯತ್ಯಾಸ ತಿಳಿಯುವುದೇ ಇಲ್ಲ. ಶ್ರೀಲಂಕಾದ ಇಲಿಯಲ್ಲಿ ಆ ಎರಡೂ ಒಂದೇ ಜೋಡಿ, ಒಂದರಂತೆ ಇನ್ನೊಂದು. ಬೆರಕೆ ಮರಿಯಲ್ಲಿ ಅವೆರಡು ಬೇರೆ ಬೇರೆ, ಒಂದಕ್ಕೂ ಜೋಡಿ ಇಲ್ಲ. ಪಟ್ಟೆ ಮೂಡಿಸುವ ಬಣ್ಣ ಹಾಕಿ ನೋಡಿದರೆ ಮಾತ್ರ ಗೊತ್ತಾಗುವುದು. ಇನ್ನು ಮೂರನೆಯ 40 ಒಂದಿದೆ. ಸ್ಲೈಡ್ ಮಾಡುವಾಗ ಕೋಶ ಜಾಸ್ತಿ ಒಡೆದು ಎರಡು ಕ್ರೋಮೋಸೋಮ್ ಕಳೆದುಹೋದ 42.

"ಎಷ್ಟು ಕೋಶ ಎಣಿಸಿದ್ದೀಯಮ್ಮ?" ಅಂತ ಕೇಳಿದೆ.

"ಒಂದರಲ್ಲಿ ಐದು ಸರ್. ಇನ್ನೊಂದರಲ್ಲಿ ಮೂರೇ ಸಿಕ್ಕವು."

"ಆಕಾರ ಬರೆದಿದ್ದೀಯಾ?"

ಬರೆದಿರಲಿಲ್ಲ. ಸಂಖ್ಯೆ ಮಾತ್ರ ಇತ್ತು.

ಮೊದಲು ಮಾಡಿದ್ದು

ಮೊದಲು 40ರ ಎರಡು ಇಲಿಗಳನ್ನು ಹಿಡಿದೆವು. ಎತ್ತಿಟ್ಟ ಮಜ್ಜೆಯಿಂದ ಹೊಸ ಸ್ಲೈಡ್ ಮಾಡಿ, ಪ್ರತಿ ಇಲಿಯಲ್ಲೂ ಕನಿಷ್ಠ 20 ಕೋಶ ಎಣಿಸುವುದು, ಪ್ರತಿಯೊಂದರಲ್ಲೂ ದೊಡ್ಡ ಎರಡು-ತೋಳಿನವು ಎಷ್ಟು ಅಂತ ಬರೆಯುವುದು ಎಂದು ತೀರ್ಮಾನವಾಯಿತು. ತೋಟದ 40ರಲ್ಲಿ ದೊಡ್ಡವು ಒಂದೂ ಇರಲಿಲ್ಲ. ಬೆರಕೆಯಾಗಿದ್ದರೂ ಶ್ರೀಲಂಕಾದ್ದಾಗಿದ್ದರೂ ಎರಡು ಇರಲೇಬೇಕಿತ್ತು. ಹೊಸ ಸ್ಲೈಡ್‌ನಲ್ಲಿ 42 ಬಂತು. ಹಳೆಯ ಐದು ಕೋಶಗಳೂ ಸ್ಲೈಡ್‌ನ ಒಂದೇ ಮೂಲೆಯಲ್ಲಿ, ಹನಿ ಜೋರಾಗಿ ಬಿದ್ದ ಕಡೆ ಇದ್ದವು.

ಮನೆಯ 40ರಲ್ಲಿ ದೊಡ್ಡವು ನಾಲ್ಕು. ಅಂದರೆ ಅದು 38ರ ಇಲಿಯೇ. ಹಳೆಯ ಸ್ಲೈಡನ್ನು ನಾನೇ ಮತ್ತೆ ನೋಡಿದೆ. ಎರಡು ಕೋಶಗಳು ಒಂದಕ್ಕೊಂದು ತಾಗಿ ಒಡೆದಿದ್ದವು. ಪಕ್ಕದ ಕೋಶದ ಎರಡು ಕಡ್ಡಿಗಳು ಇದರೊಳಗೆ ಬಂದು ಬಿದ್ದಿದ್ದವು. ಎಣಿಸುವವರು ಯಾರೇ ಆದರೂ ಎಣಿಸಿಬಿಡುವಷ್ಟು ಹತ್ತಿರ. ಹೊಸ 25 ಕೋಶಗಳಲ್ಲೂ 38.

ಹೀಗೆ ಎರಡು 40ಗಳೂ ಹೋದವು. ಈಗ 38 ಇದ್ದವು 15, 42 ಇದ್ದವು 11. ಪಟ್ಟೆಯ ಬಣ್ಣ ಹಾಕುವ ಪ್ರಮೇಯವೇ ಬರಲಿಲ್ಲ.

ಗೈಡ್ ಇದನ್ನು ತಕ್ಷಣ ಒಪ್ಪಿಕೊಂಡರು. ಆದರೆ ಆ ಆರು ಇಲಿಗಳ ವಿಷಯ ಹಾಗೇ ನಿಂತಿತ್ತು. 40 ಇಲ್ಲದಿದ್ದರೂ ಹಳೆಯ ಕಾಲದ ಬೆರಕೆಯ ಗುರುತಾಗಿ ಮೈಟೊಕಾಂಡ್ರಿಯಾ ಉಳಿದಿರಬಹುದಲ್ಲ ಅಂತ ಅವರ ವಾದ. ವಾದದಲ್ಲಿ ತಪ್ಪಿಲ್ಲ. ಮೈಟೊಕಾಂಡ್ರಿಯಾ ಜೀನ್‌ನ ಹಳೆಯ ನಕಲು ಕೆಲವು ಸಲ ಕೋಶಕೇಂದ್ರದ ಕ್ರೋಮೋಸೋಮ್‌ಗಳಲ್ಲೂ ಸೇರಿಕೊಂಡಿರುತ್ತದೆ. ನಿಜವಾದ ಜೀನ್‌ನ ಬದಲು ಆ ನಕಲನ್ನು ಓದಿರಬಹುದೇ ಅಂತ ಒಂದು ವಾರ ಅದರ ಹಿಂದೆ ಬಿದ್ದೆವು. ಅಂಥ ನಕಲಿನಲ್ಲಿ ಸಾಮಾನ್ಯವಾಗಿ ನಡುವೆ ನಿಲುಗಡೆಯ ಸಂಕೇತ ಬರುತ್ತದೆ, ಅಥವಾ ಒಂದೇ ಜಾಗದಲ್ಲಿ ಎರಡು ಅಕ್ಷರದ ಗುರುತು ಕಾಣುತ್ತದೆ. ಎರಡೂ ಇರಲಿಲ್ಲ. ಓದು ಸ್ವಚ್ಛವಾಗಿತ್ತು.

ತಿರುವು

ತಿರುವು ಬಂದದ್ದು ಫೀಲ್ಡ್ ನೋಟ್‌ಬುಕ್‌ನಿಂದ. ಒಂದು ಸಂಜೆ ಮೂವರೂ ಅದನ್ನು ಮೇಜಿನ ಮೇಲೆ ಬಿಚ್ಚಿಟ್ಟು ಕೂತಿದ್ದೆವು. ತಾಳೆಯಾಗದ ಆರೂ ಇಲಿಗಳ ನಂಬರ್ ಒಂದರ ಹಿಂದೆ ಒಂದು: ತೋಟ-3ರಿಂದ ತೋಟ-8. ಆರೂ ಒಂದೇ ದಿನ ಸಿಕ್ಕವು. ಅಂಚಿನಲ್ಲಿ ಅಕ್ಕನ ಮಾತು. ಆ ಆರರಲ್ಲಿ ಐದು ಸಲ ಅಕ್ಕ ಹೇಳಿದ್ದು ಕ್ರೋಮೋಸೋಮ್ ಲೆಕ್ಕಕ್ಕೆ ಸರಿಹೊಂದುತ್ತಿತ್ತು. ಡಿಎನ್‌ಎ ಮಾತ್ರ ಉಲ್ಟಾ. ತಪ್ಪಿದ್ದರೆ ಅದು ಬಾಲದ ಟ್ಯೂಬ್‌ಗಳಲ್ಲಿರಬೇಕು ಅಂತ ನನಗೆ ಅನ್ನಿಸಿದ್ದು ಆಗ.

"ಆ ದಿನ ಏನಾದರೂ ಆಗಿತ್ತಾ?" ಅಂತ ಗೈಡ್ ಕೇಳಿದರು. ಮೆತ್ತಗೆ ಕೇಳಿದರು. ಅದನ್ನು ನಾನು ಮರೆಯುವುದಿಲ್ಲ.

ಹುಡುಗಿ ಸ್ವಲ್ಪ ಹೊತ್ತು ನೋಟ್‌ಬುಕ್ ನೋಡುತ್ತಾ ಕೂತಳು. ಆಮೇಲೆ ಹೇಳಿದಳು. ಆವತ್ತು ಮಳೆ. ತೋಟದ ಶೆಡ್‌ನಲ್ಲಿ ಹೆಡ್‌ಲ್ಯಾಂಪ್ ಬೆಳಕಲ್ಲಿ ಕೆಲಸ. ಒಂದೇ ದಿನಕ್ಕೆ ಆರು ಇಲಿ. ಬಾಲದ ಟ್ಯೂಬ್‌ಗಳ ಮುಚ್ಚಳ ಸಡಿಲವಾಗಿ ಆಲ್ಕೋಹಾಲ್ ಸೋರಿತ್ತು. ಮಾರ್ಕರ್‌ನಲ್ಲಿ ಬರೆದ ನಂಬರ್ ಅಳಿಸಿಹೋಗಿತ್ತು. "ಸ್ಟ್ಯಾಂಡ್‌ನಲ್ಲಿ ಸಾಲಾಗಿ ಇಟ್ಟಿದ್ದೆ ಸರ್. ಆ ಸಾಲು ನೋಡಿಕೊಂಡು ನಾನೇ ಮತ್ತೆ ಬರೆದೆ. ಸಾಲು ಸರಿಯಾಗೇ ಇತ್ತು ಅಂದುಕೊಂಡೆ."

ಶೆಡ್‌ನಲ್ಲಿ ಮೇಜಿನಿಂದ ಪೆಟ್ಟಿಗೆಗೆ ಸ್ಟ್ಯಾಂಡನ್ನು ಯಾರೋ ಎತ್ತಿಟ್ಟಿದ್ದರು. ತಿರುಗಿಸಿ ಇಟ್ಟಿದ್ದರೆ?

ಗೈಡ್ ಒಂದು ಹಾಳೆ ತೆಗೆದುಕೊಂಡು ಬರೆದರು. ಕ್ರೋಮೋಸೋಮ್ ಲೆಕ್ಕ 3ರಿಂದ 8ರವರೆಗೆ: 38, 38, 42, 38, 42, 42. ಅದರ ಕೆಳಗೆ ಡಿಎನ್‌ಎ: ಕಾಡು, ಕಾಡು, ಮನೆ, ಕಾಡು, ಮನೆ, ಮನೆ. ಕೆಳಗಿನ ಸಾಲನ್ನು ಬಲದಿಂದ ಎಡಕ್ಕೆ ಓದಿದರು. ಮನೆ, ಮನೆ, ಕಾಡು, ಮನೆ, ಕಾಡು, ಕಾಡು. ಆರಕ್ಕೆ ಆರೂ ಕೂಡಿದವು.

ಯಾರೂ ಮಾತಾಡಲಿಲ್ಲ. ಹುಡುಗಿಯ ಕಣ್ಣು ತುಂಬಿತ್ತು. ಗೈಡ್ ಅವಳಿಗೆ ಚಹಾ ತರಿಸಿದರು.

ಹಾಳೆಯ ಮೇಲೆ ಕೂಡಿದ್ದು ಪುರಾವೆ ಅಲ್ಲ. ಇಲ್ಲಿ ಗೈಡ್ ತೆಗೆದುಕೊಂಡ ಎರಡು ತೀರ್ಮಾನಗಳು ನನಗೆ ಬಹಳ ಮುಖ್ಯ ಅನ್ನಿಸುತ್ತವೆ. ಮೊದಲನೆಯದು, ಅದೇ ರಾತ್ರಿ ಸಮ್ಮೇಳನಕ್ಕೆ ಪತ್ರ ಬರೆದು ಸಾರಾಂಶ ವಾಪಸ್ ತೆಗೆದುಕೊಂಡರು. ತಪ್ಪು ಇನ್ನೂ ಖಚಿತವಾಗಿರಲಿಲ್ಲ, ಆದರೂ ತೆಗೆದರು. ಎರಡನೆಯದು, ಟ್ಯೂಬ್‌ಗಳ ನಂಬರನ್ನು ಉಲ್ಟಾ ಮಾಡಿ ಪಟ್ಟಿ ಸರಿಪಡಿಸಲಿಲ್ಲ. ಹಾಗೆ ಮಾಡುವುದು ಸುಲಭವಿತ್ತು. ಒಂದು ಊಹೆಯನ್ನು ತೆಗೆದು ಇನ್ನೊಂದು ಊಹೆಯನ್ನು ಇಟ್ಟ ಹಾಗಾಗುತ್ತಿತ್ತು.

ಏನಾಯಿತು

ಮೊದಲು ಕಡಿಮೆ ಖರ್ಚಿನ ಪರೀಕ್ಷೆ. ಗಂಡು ಇಲಿಯ ವೈ ಕ್ರೋಮೋಸೋಮ್‌ನಲ್ಲಿ ಎಸ್‌ಆರ್‌ವೈ ಎಂಬ ಜೀನ್ ಇರುತ್ತದೆ, ಹೆಣ್ಣಿನಲ್ಲಿ ಇರುವುದಿಲ್ಲ. ಬಾಲದ ಟ್ಯೂಬ್‌ನ ಡಿಎನ್‌ಎಯಲ್ಲಿ ಅದು ಇದೆಯೋ ಇಲ್ಲವೋ ಅಂತ ಪಿಸಿಆರ್‌ನಲ್ಲಿ, ಅಂದರೆ ಬೇಕಾದ ಡಿಎನ್‌ಎ ತುಂಡನ್ನು ಮಾತ್ರ ಸಾವಿರಾರು ಪಟ್ಟು ನಕಲು ಮಾಡುವ ವಿಧಾನದಲ್ಲಿ, ನೋಡಿದರೆ ಸಾಕು, ಒಂದು ದಿನದ ಕೆಲಸ. ನೋಟ್‌ಬುಕ್‌ನಲ್ಲಿ ತೋಟ-3 ಗಂಡು, ತೋಟ-4 ಹೆಣ್ಣು, 5, 6, 7 ಗಂಡು, 8 ಹೆಣ್ಣು. ತೋಟ-3ರ ಟ್ಯೂಬ್‌ನಲ್ಲಿ ಎಸ್‌ಆರ್‌ವೈ ಸಿಗಲಿಲ್ಲ. 4ರಲ್ಲಿ ಸಿಕ್ಕಿತು. 7ರಲ್ಲಿ ಇಲ್ಲ, 8ರಲ್ಲಿ ಇದೆ. ಆರರಲ್ಲಿ ನಾಲ್ಕು ನೋಟ್‌ಬುಕ್‌ಗೆ ವಿರುದ್ಧ. ಟ್ಯೂಬ್‌ಗಳು ಅದಲುಬದಲಾಗಿವೆ ಎಂಬುದರಲ್ಲಿ ಇನ್ನು ಅನುಮಾನ ಉಳಿಯಲಿಲ್ಲ.

ಆಮೇಲೆ ಪೂರ್ತಿ ಪರೀಕ್ಷೆ. ಮಜ್ಜೆಯ ಟ್ಯೂಬ್‌ಗಳಿಗೆ ಆಮೇಲೆ, ಬೇರೆ ಜಾಗದಲ್ಲಿ ನಂಬರ್ ಹಾಕಿರಲಿಲ್ಲ, ಇಲಿ ಕೈಯಲ್ಲಿದ್ದಾಗಲೇ ಟೇಪ್ ಅಂಟಿಸಿ ಬರೆದಿದ್ದಳು. ಅವು ಅಳಿಸಿರಲಿಲ್ಲ. ಯಾವ ದ್ರವದಿಂದ ಕ್ರೋಮೋಸೋಮ್ ಎಣಿಸಿದ್ದೆವೋ ಅದೇ ದ್ರವದಿಂದ ಡಿಎನ್‌ಎ ತೆಗೆದರೆ ಎರಡೂ ಒಂದೇ ಇಲಿಯವು ಅಂತ ಖಾತ್ರಿ. ಅಸಿಟಿಕ್ ಆಸಿಡ್‌ನಲ್ಲಿದ್ದ ಕೋಶದ ಡಿಎನ್‌ಎ ಸ್ವಲ್ಪ ತುಂಡಾಗಿರುತ್ತದೆ. ಹಾಗಾಗಿ ಪೂರ್ತಿ 1140 ಅಕ್ಷರ ಬೇಡ, ಚಿಕ್ಕ ತುಂಡು ಓದಿಸೋಣ ಅಂದೆ. ಎರಡು ಗುಂಪು ಬೇರೆ ಮಾಡಲು ಅಷ್ಟೇ ಸಾಕಿತ್ತು. ಕೋಶಗಳನ್ನು ಆಲ್ಕೋಹಾಲ್‌ನಲ್ಲಿ ಚೆನ್ನಾಗಿ ತೊಳೆದು ಆಸಿಡ್ ಹೋಗಿಸಿ ಶುರುಮಾಡಿದೆವು. ಆ ಆರಕ್ಕೆ ಮಾತ್ರ ಮಾಡಲಿಲ್ಲ. ತಾಳೆಯಾಗಿದ್ದ 20 ಇಲಿಗಳಿಗೂ ಮಾಡಿದೆವು. ನಮಗೆ ಬೇಕಾದ ಉತ್ತರ ಕೊಟ್ಟವನ್ನು ಪರೀಕ್ಷಿಸದೆ ಬಿಡುವುದು ಸರಿಯಲ್ಲ ಅಂತ ಹುಡುಗಿಯೇ ಹಟ ಹಿಡಿದಳು. ಒಂದೂವರೆ ತಿಂಗಳು ಹಿಡಿಯಿತು.

26ರಲ್ಲಿ 25 ಇಲಿಗಳಿಗೆ ಉತ್ತರ ಸಿಕ್ಕಿತು. 38 ಇದ್ದ 14 ಇಲಿಗಳೂ ಮನೆ ಗುಂಪು. 42 ಇದ್ದ 11 ಇಲಿಗಳೂ ಕಾಡು ಗುಂಪು. ಒಂದೂ ತಪ್ಪಲಿಲ್ಲ. ತೋಟ-6ರ ಟ್ಯೂಬ್ ಮಾತ್ರ ಒಣಗಿಹೋಗಿತ್ತು. ತಳದಲ್ಲಿ ಒಂದು ಬಿಳಿ ಪೊರೆ ಬಿಟ್ಟರೆ ಏನೂ ಇಲ್ಲ. ಉಲ್ಟಾ ಸಾಲಿನ ಪ್ರಕಾರ ಅದು ಮನೆ ಗುಂಪಿನದೇ ಆಗಬೇಕು. ಆದರೂ ಲೆಕ್ಕದಿಂದ ಬಿಟ್ಟೆವು.

ಬೆರಕೆಯ ಕತೆ ಹೋಯಿತು. ಉಳಿದದ್ದು ಏನು? ಒಂದೇ ತೋಟದಲ್ಲಿ, ಕೆಲವು ಸಲ ಒಂದೇ ಅಡಿಕೆ ಸಾಲಿನಲ್ಲಿ, ಎರಡು ಬಗೆಯ ಇಲಿಗಳು. ಕ್ರೋಮೋಸೋಮ್ ಬೇರೆ, ತಾಯಿಯ ಜಾಡು ಬೇರೆ, ನಡುವೆ ಬೆರಕೆಯ ಗುರುತು ಈ 25ರಲ್ಲಿ ಒಂದೂ ಇಲ್ಲ. 1973ರಲ್ಲಿ ಬರೆದಿದ್ದಕ್ಕೆ ಇದು ಹತ್ತಿರವಾಗಿದೆ. ಬೆರಕೆ ಆಗುವುದೇ ಇಲ್ಲ ಅಂತ 25 ಇಲಿ ನೋಡಿ ಹೇಳಲು ಬರುವುದಿಲ್ಲ. ಹಾಗಂತ ಬರೆಯಲೂ ಇಲ್ಲ. ಆದರೆ ಇಷ್ಟು ಹತ್ತಿರ ಬದುಕುವ ಎರಡು ಇಲಿಗಳು ಬೇರೆಯಾಗಿಯೇ ಉಳಿದಿರುವುದು ನನಗೆ ಬೆರಕೆಯ ಕತೆಗಿಂತ ದೊಡ್ಡ ವಿಷಯವಾಗಿ ಕಾಣುತ್ತದೆ. ಬೆರಕೆ ಮರಿ ಹುಟ್ಟಿದರೂ ಅದು ಬೆಳೆದು ಅಂಡ, ವೀರ್ಯ ಮಾಡುವಾಗ ತೊಡಕಿದೆ. ಒಂದು ದೊಡ್ಡ ಕ್ರೋಮೋಸೋಮ್ ಎರಡು ಚಿಕ್ಕವುಗಳ ಜೊತೆ ಮೂವರಾಗಿ ಕೂಡಿ, ಆಮೇಲೆ ಸರಿಯಾಗಿ ಬೇರೆಯಾಗಬೇಕು. ಇಂಥದ್ದು ಒಂದೇ ಇದ್ದರೆ ಬಹಳ ಸಲ ನಡೆದುಹೋಗುತ್ತದೆ. ಎರಡಿದ್ದರೆ ತಪ್ಪುವ ಸಾಧ್ಯತೆ ಜಾಸ್ತಿ.

ಕಾಡು ಗುಂಪಿಗೆ ಹೆಸರು ಇಡುವ ವಿಷಯದಲ್ಲೂ ಚರ್ಚೆಯಾಯಿತು. ಮಾರ್ಟಿನ್ ಹಿಂಟನ್ 1918ರಲ್ಲಿ ಸಾತಾರಾ ಕಡೆಯ ಇಲಿಗೆ ಸಟಾರೆ ಅಂತ ಹೆಸರಿಟ್ಟರು. ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಸಸ್ತನಿ ಸಮೀಕ್ಷೆಯಲ್ಲಿ ಕೂಡಿಟ್ಟ ಇಲಿಗಳನ್ನು ಅವರು ಓದುತ್ತಿದ್ದ ಕಾಲ ಅದು. ಬಹಳ ಕಾಲ ಅದನ್ನು ಕಪ್ಪು ಇಲಿಯ ಒಂದು ಉಪಜಾತಿ ಅಂದುಕೊಂಡಿದ್ದರು. ಈಗ ರ‍್ಯಾಟಸ್ ಸಟಾರೆ, ಸಹ್ಯಾದ್ರಿಯ ಕಾಡಿಲಿ, ತನ್ನದೇ ಜಾತಿ. ನಮ್ಮದೂ ಅದೇ ಅಂತ ಬರೆಯುವ ಆಸೆ ಗೈಡ್‌ಗೆ ಇತ್ತು. ತಲೆಬುರುಡೆಗಳನ್ನು ಮ್ಯೂಸಿಯಂನ ಮಾದರಿಗಳ ಜೊತೆ ಹೋಲಿಸುವವರೆಗೆ "42ರ ಕಾಡು ಗುಂಪು" ಅಂತಲೇ ಬರೆಯೋಣ ಅಂತ ಕೊನೆಗೆ ಒಪ್ಪಿದರು.

ಈಗ ಬದಲಾಗಿದ್ದು

ಆ ಲ್ಯಾಬ್‌ನಲ್ಲಿ ಈಗ ಟ್ಯೂಬ್‌ನ ಹೊರಗೆ ಮಾತ್ರ ಬರೆಯುವುದಿಲ್ಲ. ದಪ್ಪ ಕಾಗದದ ಚೂರಿನ ಮೇಲೆ ಪೆನ್ಸಿಲ್‌ನಲ್ಲಿ ನಂಬರ್ ಬರೆದು ಆಲ್ಕೋಹಾಲ್ ಒಳಗೇ ಹಾಕುತ್ತಾರೆ. ಸೀಸದ ಕಡ್ಡಿಯ ಬರಹ ಆಲ್ಕೋಹಾಲ್‌ನಲ್ಲಿ ಕರಗುವುದಿಲ್ಲ. ಹಳೆಯ ಮ್ಯೂಸಿಯಂ ಕೆಲಸಗಾರರಿಗೆ ಇದು ಗೊತ್ತಿತ್ತು, ನಡುವೆ ನಮಗೆ ಮರೆತುಹೋಯಿತು. ಇಲಿಯ ಪಕ್ಕ ನಂಬರ್ ಚೀಟಿ ಇಟ್ಟು ಫೋಟೊ ತೆಗೆಯುತ್ತಾರೆ. ನೋಟ್‌ಬುಕ್‌ನಲ್ಲಿ "ಇಂದು ಏನಾದರೂ ಅಳಿಸಿತೇ, ಚೆಲ್ಲಿತೇ, ಮತ್ತೆ ಬರೆದೆವೇ" ಅಂತ ಒಂದು ಕಾಲಮ್ ಬಂದಿದೆ. ಇದು ಹುಡುಗಿಯ ಸಲಹೆ. ಆವತ್ತು ಯಾರಾದರೂ ಕೇಳಿದ್ದರೆ ಆವತ್ತೇ ಹೇಳುತ್ತಿದ್ದೆ ಅಂತ ಅವಳ ಮಾತು. ನಾನು ಅದನ್ನು ನಂಬುತ್ತೇನೆ. ಎಣಿಕೆಯ ಪಟ್ಟಿಯಲ್ಲಿ ಸಂಖ್ಯೆಯ ಪಕ್ಕ ದೊಡ್ಡ ಎರಡು-ತೋಳಿನವು ಎಷ್ಟು, ಎಷ್ಟು ಕೋಶ ನೋಡಿದ್ದು ಎರಡನ್ನೂ ಬರೆಯದೆ ಯಾವ ಇಲಿಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ.

ಅಕ್ಕನ ಅಂಚು ಟಿಪ್ಪಣಿಗೂ ಈಗ ಕಾಲಮ್ ಸಿಕ್ಕಿದೆ. ತೋಟದ 11 ಇಲಿಗಳಲ್ಲಿ 9ನ್ನು ಅವರು ಸರಿಯಾಗಿ ಹೇಳಿದ್ದರು. ತಪ್ಪಿದ ಎರಡೂ ಹೊಟ್ಟೆ ಬೆಳ್ಳಗಿದ್ದ 38ರ ಇಲಿಗಳು. ಮನೆ ಇಲಿಯಲ್ಲೂ ಬಿಳಿ ಹೊಟ್ಟೆಯವು ಇರುತ್ತವೆ. ಹುಡುಗಿ ತೋಟಕ್ಕೆ ಹೋಗಿ ಫಲಿತಾಂಶ ಹೇಳಿದಾಗ ಅಕ್ಕ ಆ ಎರಡು ಇಲಿಗಳ ಫೋಟೊ ಕೇಳಿ ತರಿಸಿಕೊಂಡು ಮೊಬೈಲ್‌ನಲ್ಲಿ ದೊಡ್ಡದು ಮಾಡಿ ಬಹಳ ಹೊತ್ತು ನೋಡಿದರಂತೆ. "ಇವು ಎಲ್ಲಿ ಸಿಕ್ಕಿದ್ವವ್ವ?" ಅಂತ ಕೇಳಿದರು. ಬಾಳೆ ಸಾಲಿನ ಹತ್ತಿರ, ಮನೆಗಳ ಕಡೆ. "ಹಂಗಂದ್ರ ಅಟ್ಟದ್ದ ತ್ವಾಟಕ್ಕ ಬರಾಕತ್ತೈತಿ. ತ್ವಾಟದ್ದು ಅಟ್ಟಕ್ಕ ಬಂದದ್ದು ನಾ ಕಂಡಿಲ್ಲ" ಅಂದರು.

ಪಟ್ಟಿ ತೆಗೆದು ನೋಡಿದೆವು. ಮನೆಗಳಲ್ಲಿ ಹಿಡಿದ 12ರಲ್ಲಿ ಸ್ಲೈಡ್ ಚೆನ್ನಾಗಿ ಬಂದವೆಲ್ಲ 38. ಒಂದೂ 42 ಇಲ್ಲ. ಈ ಮಳೆಗಾಲ ಮುಗಿದ ಮೇಲೆ ಬೋನುಗಳನ್ನು ಬಾಳೆ ಸಾಲಿನಿಂದ ಕಾಡಿನವರೆಗೆ ಹತ್ತು ಹತ್ತು ಮೀಟರಿಗೆ ಇಡುವುದು ಅಂತ ಆಗಿದೆ. ಎಲ್ಲೆಲ್ಲಿ ಇಡಬೇಕು ಅಂತ ಅಕ್ಕ ಗುರುತು ಹಾಕಿಕೊಟ್ಟಿದ್ದಾರೆ.